ದನದ ಡಾಕ್ಟರಿಗೆ ಮೀನಿನ ರೋಗಿಗಳು

ದನ ನೋಡುವುದನ್ನು ಕಲಿತವನ ಬಾಗಿಲಿಗೆ ಮೀನೂ ಬರುತ್ತದೆಂದು ಕಾಲೇಜಿನಲ್ಲಿ ನನಗೆ ಯಾರೂ ಹೇಳಿರಲಿಲ್ಲ. ಬಂದ ಮೇಲೆ ಅದು ನಿಲ್ಲಲೂ ಇಲ್ಲ. ಜಯನಗರ ಆಗಷ್ಟೇ ಬೆಳೆಯುತ್ತಿದ್ದ ಕಾಲ. ಹೊಸ ಮನೆ ಕಟ್ಟಿಸಿದವರೆಲ್ಲ ರೇಡಿಯೋ ಪಕ್ಕದಲ್ಲಿ ಗಾಜಿನ ತೊಟ್ಟಿ ಇಟ್ಟು ಚಿನ್ನದ ಮೀನು ಬಿಡುವ ಶೋಕಿ ಹಚ್ಚಿಕೊಂಡರು. ಮೀನಿಗೆ ಹುಳ ಹತ್ತಿತು. ಒಂದನ್ನು ನಾನು ಹೇಗೋ ಉಳಿಸಿಬಿಟ್ಟೆ. ಅಲ್ಲಿಂದ ಮುಂದೆ ನನ್ನ ಆಸ್ಪತ್ರೆಯಲ್ಲಿ ಎಮ್ಮೆಗಳೂ ಕಾಯಬೇಕಾಯಿತು.

೧. ಹೇನಿನ ಮಾತು

ಒಂದು ಬೆಳಿಗ್ಗೆ ಮೇಷ್ಟರೊಬ್ಬರ ಹೆಂಡತಿ ಎಮ್ಮೆಗೂ ಕರುವಿಗೂ ನಡುವೆ ಟಿಫಿನ್ ಕ್ಯಾರಿಯರ್ ಹಿಡಿದು ನಿಂತಿದ್ದರು. ನಾನು ತಿಂಡಿ ತಿಂದಿರಲಿಲ್ಲ. ಪುಣ್ಯಾತ್ಗಿತ್ತಿ ಉಪ್ಪಿಟ್ಟು ತಂದಿದ್ದಾರೆ ಎಂದುಕೊಂಡು ಮುಚ್ಚಳ ತೆಗೆದರೆ ಒಳಗೆ ಮೀನು ನನ್ನನ್ನೇ ನೋಡುತ್ತಿತ್ತು.

"ಯಾವಾಗ್ಲೂ ಕಲ್ಲಿಗೆ ಮೈ ಉಜ್ಜುತ್ತೆ ಡಾಕ್ಟ್ರೇ" ಎಂದರು.

ಭೂತಗನ್ನಡಿ ಹಿಡಿದು ನೋಡಿದೆ. ರೆಕ್ಕೆಯ ಬುಡದಲ್ಲಿ ಚಪ್ಪಟೆ ಹುಳಗಳು ಕಚ್ಚಿಕೊಂಡಿದ್ದವು.

"ಹೇನು ಹತ್ತಿದೆಯಮ್ಮ."

ಆಕೆಯ ಮುಖ ಕೆಂಪಾಯಿತು. "ನಮ್ಮನೇಲಿ ಯಾರ ತಲೇಲೂ ಹೇನಿಲ್ಲ. ಹಿಂದಿನ ಮನೆಯೋಳು ದಿನಾ ನಮ್ಮ ತೊಟ್ಟಿ ಮುಂದೆ ಕೂತು ತಲೆ ಬಾಚ್ಕೋತಾಳೆ. ಅವಳದೇ ಇದು."

"ಇದು ಮೀನಿಗೇ ಹತ್ತೋ ಹೇನು. ಮನುಷ್ಯರದಲ್ಲ."

"ನೀವು ಅವಳ ತಲೆ ನೋಡಿಲ್ಲ."

ವಾದ ಬೇಡವೆಂದು ಚಿಮ್ಮಟದಿಂದ ಹುಳಗಳನ್ನು ಕಿತ್ತು, ಮೀನನ್ನು ಔಷಧಿ ನೀರಿನಲ್ಲಿ ಅದ್ದಿ ತೆಗೆದೆ. ಮರಿಗಳು ಉಳಿದಿರಬಹುದು, ನೋಡುತ್ತಿರಿ ಎಂದು ಹೇಳಿ ಕಳಿಸಿದೆ. ಮುಂದಿನ ವಾರ ಮತ್ತೆ ಬಂದರು. ಕೈಯಲ್ಲಿ ಹೊಸದಾಗಿ ಕೊಂಡ ಹೇನಿನ ಬಾಚಣಿಗೆ.

"ಡಾಕ್ಟ್ರೇ, ಬಾಚೋದು ತಲೆಯಿಂದ ಬಾಲಕ್ಕೋ, ಬಾಲದಿಂದ ತಲೆಗೋ?"

೨. ಮೀನಿಗೂ ಮಡಿ

ರಿಟೈರಾದ ಅಧಿಕಾರಿಯೊಬ್ಬರ ಮನೆಯಲ್ಲಿ ಹೊಸದಾಗಿ ತಂದ ಮೀನಿನ ಕಿವಿರಿಗೆ ಹುಳ ಬಿದ್ದಿತ್ತು. ಅವರ ತಾಯಿ ಮಹಾ ಮಡಿವಂತೆ. ಕಾಯಿಲೆ ಮೀನನ್ನು ಬೇರೆ ಪಾತ್ರೆಯಲ್ಲಿಡಬೇಕು, ಇದರ ನೀರು ಅದಕ್ಕೆ ಸೋಕಬಾರದು, ಇದಕ್ಕೆ ಮುಟ್ಟಿಸಿದ ಚೆಂಬು ಅದಕ್ಕೆ ಮುಟ್ಟಿಸಬಾರದು ಎಂದು ನಾನು ಹೆದರುತ್ತಲೇ ಹೇಳಿದೆ. ಇಂಥದ್ದನ್ನು ಹೇಳಿದಾಗಲೆಲ್ಲ ಜನ ನನ್ನ ಜೊತೆ ಜಗಳಕ್ಕೆ ನಿಲ್ಲುತ್ತಿದ್ದರು. ಆ ತಾಯಿಯ ಮುಖ ಮಾತ್ರ ಅರಳಿತು.

"ಮಡಿ ಅನ್ನಿ. ಇದನ್ನ ಕಲಿಯೋಕೆ ನೀವು ಕಾಲೇಜಿಗೆ ಹೋಗ್ಬೇಕಾಯ್ತೇ?"

ಎರಡು ದಿನ ಬಿಟ್ಟು ನೋಡಲು ಹೋದೆ. ಕಾಯಿಲೆ ಮೀನನ್ನು ಹಿಡಿದು ಕಿವಿರು ಎತ್ತಿ ನೋಡಿದೆ, ವಾಸಿಯಾಗುತ್ತಿತ್ತು. ಖುಷಿಯಲ್ಲಿ ದೊಡ್ಡ ತೊಟ್ಟಿಯ ಕಡೆ ತಿರುಗಿದೆ.

"ಅಲ್ಲೇ ನಿಲ್ಲಿ" ಎಂದರು ಆಕೆ. "ಅದನ್ನ ಮುಟ್ಟಿ ಇದನ್ನ ಮುಟ್ತೀರಾ? ಮೊದ್ಲು ಸ್ನಾನ."

ನಾನು ಹೇಳಿಕೊಟ್ಟ ಪಾಠವೇ ನನಗೆ ತಿರುಗಿ ಬಂತು. ಕೈ ತೊಳೆದರೆ ಸಾಕು ಎಂದು ಗೊಣಗಿದ್ದನ್ನು ಅಲ್ಲಿ ಯಾರೂ ಕೇಳಲಿಲ್ಲ. ತಣ್ಣೀರು ಹುಯ್ದುಕೊಂಡು, ಮಗನ ಒದ್ದೆ ಪಂಚೆ ಉಟ್ಟು, ಬರಿಮೈಯಲ್ಲಿ ಉಳಿದ ಮೀನುಗಳನ್ನು ನೋಡಿದೆ. ನನ್ನ ಪ್ಯಾಂಟು ಷರಟನ್ನೂ ಆಕೆ ನೀರಿಗೆ ಹಾಕಿಸಿಬಿಟ್ಟಿದ್ದರಿಂದ ಅದೇ ವೇಷದಲ್ಲಿ ಸೈಕಲ್ ತುಳಿದು ಮನೆಗೆ ಬಂದೆ.

ನನ್ನ ಹೆಂಡತಿ ಬಾಗಿಲಲ್ಲೇ ನಿಂತು ಮೇಲಿಂದ ಕೆಳಗೆ ನೋಡಿ ಕೇಳಿದಳು, "ಇವತ್ತು ಯಾರ ಮನೆ ತಿಥಿ?"

೩. ಅಮ್ಮ ಬಂದ ಮನೆ

ಸಿದ್ದಾಪುರದ ಗೌಡರೊಬ್ಬರು ಹೊಲವೆಲ್ಲ ಬಡಾವಣೆಯಾದ ಮೇಲೆ ತಾರಸಿ ಮನೆ ಕಟ್ಟಿಸಿ, ನಡುಮನೆಯಲ್ಲಿ ಒಂದು ಜೊತೆ ಚಿನ್ನದ ಮೀನು ಸಾಕಿದ್ದರು. ಎತ್ತು ಮಾರಿದ ದುಃಖವನ್ನು ಆ ಮೀನಿನಲ್ಲಿ ಮರೆತಿದ್ದೇನೆ ಎನ್ನುತ್ತಿದ್ದರು. ಚಳಿಗಾಲದ ಒಂದು ಸೋಮವಾರ ಅವರೇ ಓಡಿಬಂದರು.

"ಡಾಕ್ಟ್ರೇ, ಮಾನ ಉಳಿಸಿ. ಭಾನುವಾರ ಮಗಳನ್ನ ನೋಡೋಕೆ ಗಂಡಿನ ಕಡೆಯೋರು ಬರ್ತಾರೆ. ಒಳ್ಳೇ ಸಂಬಂಧ. ನಮ್ಮವ್ವ ನೋಡಿದ್ರೆ ಬರೋದು ಬ್ಯಾಡ ಅಂತ ಹೇಳಿ ಕಳಿಸು ಅಂತ ಕುಂತವ್ಳೆ. ಮೀನಿಗೆ ಅಮ್ಮ ಬಂದೈತಂತೆ."

ಹೋಗಿ ನೋಡಿದೆ. ಮೀನಿನ ಮೈಮೇಲೆಲ್ಲ ರವೆ ಚೆಲ್ಲಿದಂತೆ ಬಿಳಿ ಚುಕ್ಕೆ. ಬಾಗಿಲಿಗೆ ಬೇವಿನ ಸೊಪ್ಪು, ತೊಟ್ಟಿಯೊಳಗೂ ಬೇವಿನ ಸೊಪ್ಪು. ಮನೆಯಲ್ಲಿ ಒಗ್ಗರಣೆ ನಿಂತಿತ್ತು. ತಂಪಿಗೆಂದು ಅಜ್ಜಿ ಮಡಕೆಯ ತಣ್ಣೀರು ಸುರಿಯುತ್ತಿದ್ದರು. ಆ ಚಳಿಗೆ ಮೀನುಗಳು ಮೂಲೆ ಹಿಡಿದಿದ್ದವು.

"ಅಜ್ಜಿ, ಇದು ಅಮ್ಮ ಅಲ್ಲ, ಹುಳ" ಎಂದೆ.

"ಅಮ್ಮನ್ನ ಹುಳ ಅಂತೀಯಾ? ಕೆನ್ನೆ ಬಡ್ಕೊಂಡು ತಪ್ಪಾಯ್ತು ಅನ್ನು."

ಬಡಿದುಕೊಂಡೆ. ಗೌಡರೂ ಯಾತಕ್ಕೂ ಇರಲಿ ಎಂದು ಬಡಿದುಕೊಂಡರು.

"ಔಷ್ದಿ ಗಿಷ್ದಿ ಮುಟ್ಟಿಸಂಗಿಲ್ಲ" ಎಂದರು ಅಜ್ಜಿ. ನನಗೆ ಬೇಕಾದದ್ದು ಬಿಸಿನೀರು ಮತ್ತು ಉಪ್ಪು, ಅಷ್ಟೇ. ಕೇಳುವುದು ಹೇಗೆ ಎಂದು ತಲೆ ಕೆರೆದುಕೊಂಡೆ.

"ಅಜ್ಜಿ, ಅಮ್ಮ ಇಳಿಯೋವಾಗ ಏನು ಮಾಡ್ತೀರಿ?"

"ಉಗುರುಬೆಚ್ಚಗೆ ನೀರು ಹಾಕ್ತೀವಿ."

"ದೃಷ್ಟಿ ತೆಗೆದ ಉಪ್ಪು?"

"ನೀರಿಗೆ ಹಾಕ್ತೀವಿ."

"ಮೀನಿಗೆ ನೀರೇ ಮನೆ. ಎರಡನ್ನೂ ಅಲ್ಲೇ ಮಾಡಬೇಕಲ್ವಾ?"

ಅಜ್ಜಿ ಯೋಚಿಸಿ ತಲೆಯಾಡಿಸಿದರು. ದಿನಾ ಒಂದು ಹಿಡಿ ಕಲ್ಲುಪ್ಪು ನಿವಾಳಿಸಿ ತೊಟ್ಟಿಗೆ ಹಾಕಿದರು, ಬೆಚ್ಚಗಿನ ನೀರನ್ನು ನಿಧಾನವಾಗಿ ಬೆರೆಸಿದರು. ಶನಿವಾರದ ಹೊತ್ತಿಗೆ ಚುಕ್ಕೆಗಳೆಲ್ಲ ಉದುರಿದ್ದವು.

ಭಾನುವಾರ ಗೌಡರು ನನ್ನನ್ನೂ ಕರೆದಿದ್ದರು. ಗಂಡಿನ ಕಡೆಯವರು ಬಂದರು, ಹುಡುಗಿ ಮೆಚ್ಚಿಗೆಯಾದಳು. ತಾಂಬೂಲದ ತಟ್ಟೆ ಕೈಗೆ ಬರುವಷ್ಟರಲ್ಲಿ ಅಜ್ಜಿ ತೊಟ್ಟಿ ತೋರಿಸಿ, "ಮೊನ್ನೆ ತಾನೇ ಅಮ್ಮ ಇವುಕ್ಕೆ ಬಂದು ಹೋದ್ಲು" ಎಂದುಬಿಟ್ಟರು. ಗೌಡರ ಮುಖ ಬಿಳುಚಿತು. ನಾನು ಚಪ್ಪಲಿ ಎಲ್ಲಿದೆ ಎಂದು ನೋಡಿಕೊಂಡೆ.

ಗಂಡಿನ ತಾಯಿ ಎದ್ದರು. ತೊಟ್ಟಿಯ ಮುಂದೆ ನಿಂತು ಕೈ ಮುಗಿದರು. "ಅಮ್ಮ ಒಲಿದ ಮನೆ. ಇನ್ನೇನು ನೋಡೋದು" ಎಂದು ತಾವೇ ತಟ್ಟೆ ತೆಗೆದುಕೊಂಡರು. ಸಂಬಂಧ ಗಟ್ಟಿಯಾಯಿತು. ಆಗ ಆಕೆ, "ಹುಡುಗಿ ಜೊತೆ ಈ ಮೀನೂ ನಮ್ಮನೆಗೆ ಬರಲಿ" ಎಂದರು.

ವಾರವೆಲ್ಲ ಈ ಸಂಬಂಧಕ್ಕಾಗಿ ನನ್ನ ಕಾಲು ಹಿಡಿಯುವುದೊಂದು ಬಾಕಿ ಇಟ್ಟಿದ್ದ ಗೌಡರು ಮೀನನ್ನು ನೋಡಿದರು, ಮಗಳನ್ನು ನೋಡಿದರು, ಗಂಟಲು ಸರಿಮಾಡಿಕೊಂಡರು.

"ನೋಡಿ ತಾಯಿ, ಮಗಳನ್ನ ಕೊಡ್ತೀನಿ ಅಂತ ಮಾತು ಕೊಟ್ಟಿವ್ನಿ, ಕರ್ಕೊಂಡೋಗಿ. ಮೀನಿನ ಮಾತು ಬಂದಿರ್ಲಿಲ್ಲ."