ಶಿವರಾಜಪ್ಪ ಮಾವನ ಮೋಟಾರಿನ ಹೊಗೆ ಪೈಪಿಗೆ ಒಂದು ಬಿನ್ನಹ

ಬೀದರ, ಹೈದರಾಬಾದ್ ರಾಜ್ಯ
ಹೋಳಿಯ ಮರುದಿನ, 1950

ಗಂಜ್ ಎಂಬ ಧಾನ್ಯಪೇಟೆಯ ವ್ಯಾಪಾರಿ ಶ್ರೀ ಶಿವರಾಜಪ್ಪನವರ ಮೋಟಾರಿನ ಹಿಂಭಾಗದಲ್ಲಿ ವಿರಾಜಮಾನರಾಗಿರುವ ಹೊಗೆ ಪೈಪಿನವರ ಸನ್ನಿಧಾನಕ್ಕೆ,

ಮಾನ್ಯರೇ,

ತಮಗೂ, ತಮ್ಮನ್ನು ಹೊತ್ತು ನಡುಗುವ ಮೋಟಾರಿಗೂ, ಅದರೊಳಗೆ ನಡುಗುತ್ತಲೇ ಮೀಸೆ ತಿರುವುವ ನನ್ನ ಸೋದರಮಾವನಿಗೂ ಶರಣು ಶರಣಾರ್ಥಿ. ತಾವು ಕ್ಷೇಮವಾಗಿರುವ ಸುದ್ದಿ ಕೋಟೆಯ ಎಲ್ಲ ದರವಾಜೆಗಳ ತನಕ ದಿನವೂ ಕೇಳಿಸುತ್ತಿರುವುದರಿಂದ ಕ್ಷೇಮ ವಿಚಾರಿಸುವ ಶಿಷ್ಟಾಚಾರವನ್ನು ಕೈಬಿಟ್ಟಿದ್ದೇನೆ, ಮನ್ನಿಸಬೇಕು.

ತಾವು ಬರುವ ಮೊದಲು ಆ ಜಾಗದಲ್ಲಿ ಸೈಲೆನ್ಸರ್ ಎಂಬ ಸಂಕೋಚದ ಗೃಹಸ್ಥರೊಬ್ಬರಿದ್ದರು. ಎಂಜಿನ್ ಒಳಗೆ ಎಷ್ಟೇ ಕೂಗಾಡಲಿ, ಎಲ್ಲವನ್ನೂ ಹೊಟ್ಟೆಗೆ ಹಾಕಿಕೊಂಡು ಹೊರಗೆ ಬರೀ ಗೊಣಗಾಟ ಬಿಡುತ್ತಿದ್ದರು. ಮಾವನಿಗೆ ಇದು ಒಗ್ಗಲಿಲ್ಲ. ಮಿಲಿಟರಿಯವರ ಹಳೆ ಸಾಮಾನಿನ ಹರಾಜಿನಲ್ಲಿ ಹಟ ಹಿಡಿದು ಕೊಂಡ ಮೋಟಾರು ಗಂಜಿಗೆ ಬಂದು ನಿಂತರೂ ಹಮಾಲರು ತಲೆ ಎತ್ತುವುದಿಲ್ಲವೆಂದರೆ ಯಾರಿಗೆ ತಾನೆ ಸಂಕಟವಾಗದು? “ಮೋಟಾರ ಬಂದ್ರ ಬಂತು ಅನಸ್ಬೇಕಪಾ ಶರಫೋದ್ದೀನ. ಇದು ಕಳ್ಳರಂಗ ಬರ್ತದ,” ಎಂದು ಅವರು ನಮ್ಮ ಓಣಿಯ ಫಿಟರ್‌ನ ಮುಂದೆ ಗೋಳು ತೋಡಿಕೊಂಡರು. “ಅವಾಜ ಇದ್ದಲ್ಲಿ ತಾಕತ್ ಇರ್ತದ್ರಿ ಸಾವ್ಕಾರ್ರ, ನೋಡ್ತಾ ಇರ್ರಿ,” ಎಂದ ಶರಫೋದ್ದೀನ ಸೈಲೆನ್ಸರನ್ನು ಕಿತ್ತು, ಬಾವಿಯ ಪಂಪಿಗೆಂದು ತಂದಿಟ್ಟಿದ್ದ ತಮ್ಮಂಥ ಅಗಲ ಬಾಯಿಯವರನ್ನು ಅಲ್ಲಿ ಪ್ರತಿಷ್ಠಾಪಿಸಿದ.

ತಮ್ಮ ಔದಾರ್ಯವನ್ನು ಎಷ್ಟು ಹೊಗಳಲಿ! ಹಳೆಯವರು ತಡೆದು ತಡೆದು ಬಿಡುತ್ತಿದ್ದ ಹೊಗೆಯನ್ನು ತಾವು ಒಂದೇ ಉಸಿರಿಗೆ ದಾನ ಮಾಡಿದಿರಿ. ಎಂಜಿನ್ ಹಿಗ್ಗಿ ಹೆಚ್ಚು ಗಾಳಿ ಎಳೆದುಕೊಂಡಿತು. ಆದರೆ ತಾವು ಅಧಿಕಾರ ವಹಿಸಿಕೊಂಡ ಸುದ್ದಿಯನ್ನು ಕಾರ್ಬ್ಯುರೇಟರಿಗೆ ಯಾರೂ ತಿಳಿಸಿರಲಿಲ್ಲವಾದ್ದರಿಂದ ಅದು ಹಳೆಯ ಅಳತೆಯಲ್ಲೇ ಪೆಟ್ರೋಲು ಬಿಡುತ್ತ ಕುಳಿತಿತ್ತು. ಗಾಳಿ ಜಾಸ್ತಿ, ಪೆಟ್ರೋಲು ಕಡಿಮೆ. ಎಂಜಿನ್ ಕಾದು ಕೆಂಡವಾಯಿತು. ನಿಧಾನವಾಗಿ ಹೋಗುವಾಗ ಭಾರ ಎಳೆಯುವ ಕಸುವೂ ಹೋಯಿತು. ಭಾಲ್ಕಿಯಿಂದ ಬರುವಾಗ ದಿಬ್ಬದಲ್ಲಿ ಗರ್ಜಿಸುತ್ತ ನಿಂತುಬಿಟ್ಟ ತಮ್ಮನ್ನು ಕುರಿ ಕಾಯುವವರು ಬಂದು ನೂಕಿಕೊಟ್ಟರು. ಅವರ ಕುರಿಗಳೂ ನೋಡುತ್ತಿದ್ದವು.

ಶರಫೋದ್ದೀನ ಸೋಲೊಪ್ಪುವವನೇ? ಕಾರ್ಬ್ಯುರೇಟರಿನ ಸ್ಕ್ರೂ ತಿರುವಿ ಪೆಟ್ರೋಲು ಹೆಚ್ಚಿಸಿದ, ಕೈ ಸೋಲುವ ತನಕ ಹೆಚ್ಚಿಸಿದ. ಆಗ ಸುಡದೆ ಉಳಿದ ಪೆಟ್ರೋಲೆಲ್ಲ ತಮ್ಮ ಕಾದ ಹೊಟ್ಟೆಗೆ ಇಳಿದು, ಸಡಿಲ ಜೋಡಣೆಯ ಸಂದಿಯಿಂದ ನುಗ್ಗಿದ ಗಾಳಿಯೊಡನೆ ಅಲ್ಲೇ ಹೊತ್ತಿಕೊಳ್ಳತೊಡಗಿತು. ಅದೂ ಮಾವ ವೇಗ ತಗ್ಗಿಸಲು ಕಾಲು ಎತ್ತಿದಾಗಲೇ. ಹೀಗಾಗಿ ಬಯಲಿನಲ್ಲಿ ತಕ್ಕಮಟ್ಟಿಗೆ ಸಭ್ಯರಾಗಿರುವ ತಾವು ಊರು ಬಂದ ಕೂಡಲೇ ಬಂದೂಕು ಹಾರಿಸಿದಂತೆ ಢಂ, ಢಂ ಎನ್ನುವಿರಿ.

ರಜಾಕಾರರ ಹಾವಳಿ, ಅದರ ಬೆನ್ನಿಗೇ ಸೈನ್ಯದ ಪೊಲೀಸ್ ಆ್ಯಕ್ಷನ್ ಆಗಿ ಇನ್ನೂ ಎರಡು ವರ್ಷ ತುಂಬದ ನಮ್ಮ ಸೀಮೆಗೆ ಇಂಥ ಮನರಂಜನೆಯ ಕೊರತೆ ಬಹಳ ಇತ್ತೆಂದು ತಮಗೆ ಯಾರು ಹೇಳಿದರೋ ತಿಳಿಯದು. ಓಣಿಯಲ್ಲಿ ತಾವು ಹಾದುಹೋದಾಗಲೆಲ್ಲ ಶರಫೋದ್ದೀನನ ತಾಯಿ ಮಹಮೂದಾ ಬೇಗಂ ಅಗಳಿ ಹಾಕಿ ಮಂಚದ ಕೆಳಗೆ ಸರಿಯುತ್ತಾರೆ, ಮಗನ ಕೈಕೆಲಸ ಎಂದು ಗೊತ್ತಿದ್ದೂ. ಇನ್ನು ಔರಾದ ತಾಲೂಕಿನ ಠಾಣಾ ಕುಶನೂರಕ್ಕೆ ನನ್ನ ಅಣ್ಣ ವೈಜಿನಾಥನಿಗಾಗಿ ಹೆಣ್ಣು ನೋಡಲು ಹೋದೆವಲ್ಲ, ಅಲ್ಲಿ ತಾವು ಮೂರು ಸಲ ಢಂ ಎಂದದ್ದೇ ತಡ, ಬೀದಿ ಬರಿದಾಯಿತು. ಹೆಣ್ಣಿನ ಮನೆಯಲ್ಲಿ ಒಲೆಯ ಮೇಲೆ ಹೂರಣ ಕುದಿಯುತ್ತಿತ್ತು, ಜನ ಇರಲಿಲ್ಲ. ಹುಡುಗಿ ಗಂಗುಬಾಯಿ ಮತ್ತು ಅವಳ ಅಜ್ಜಿ ಭೀಮಬಾಯಿ, ಜೋಳ ತುಂಬುವ ನೆಲದೊಳಗಿನ ಹಗೇವಿಗೆ ಇಳಿದುಬಿಟ್ಟಿದ್ದರು. ಆ ಗಲಾಟೆಯ ದಿನಗಳಲ್ಲಿ ಇಬ್ಬರೂ ಅಡಗಿದ್ದು ಅಲ್ಲೇ ಅಂತೆ. ಬೀದರಿನ ಮಂಚದ ಕೆಳಗೆ, ಕುಶನೂರದ ಹಗೇವಿನೊಳಗೆ, ಯಾರಿಗೆ ಯಾರ ಬಂದೂಕು ನೆನಪಾಯಿತೆಂದು ಕೇಳುವ ಧೈರ್ಯ ನನಗಿಲ್ಲ, ತಮಗಿದ್ದರೆ ಕೇಳಿಕೊಳ್ಳಬಹುದು.

ಅಣ್ಣ ಹಗೇವಿನ ಬಾಯಿಗೆ ಬಗ್ಗಿ, “ಯವ್ವಾ, ನಾವರೀ, ಹುಡುಗಿ ನೋಡ್ಲಿಕ್ಕ ಬಂದವ್ರು,” ಎಂದ. “ಬಂದವ್ರೆಲ್ಲ ಏನರ ನೋಡ್ಲಿಕ್ಕೇ ಬರ್ತಾರಪ್ಪಾ. ಮೊದಲ ಆ ಬಂದೂಕ ತಗೊಂಡು ನಡಿ,” ಎಂದಿತು ಕತ್ತಲು, ಅಜ್ಜಿಯ ದನಿಯಲ್ಲಿ. ಕೊನೆಗೆ ಗಂಗುಬಾಯಿ ಮೇಲೆ ಬಂದಳು. ಜಡೆಯ ತುಂಬ ಜೋಳದ ಹೊಟ್ಟು. ಅಣ್ಣನನ್ನೊಮ್ಮೆ, ತಮ್ಮ ಕರಿ ಮುಖವನ್ನೊಮ್ಮೆ ನೋಡಿ, “ಹುಡುಗ ಒಪ್ಪಿಗಿ ಅದ. ಮೋಟಾರ ಒಪ್ಪಿಗಿ ಇಲ್ಲ. ನಿಶ್ಚಯಕ್ಕ ಬರೂ ದಿನಾ ಊರ ಹೊರಗ ಈ ಅವಾಜ ಕೇಳ್ತಂದ್ರ ಬಾಗಲಾ ತೆಗ್ಯಾಂಗಿಲ್ಲ,” ಎಂದಳು. ಅಣ್ಣ ಅಂದಿನಿಂದ ಸರಿಯಾಗಿ ಊಟ ಮಾಡಿಲ್ಲ. ಮಾವನದ್ದೋ ಒಂದೇ ಮಾತು: “ಸಪ್ಪಳ ಇಲ್ಲದ ಮೋಟಾರಿನಾಗ ಶಿವರಾಜಪ್ಪ ಹೋಗಾಂಗಿಲ್ಲ.” ತಂದೆಯಿಲ್ಲದ ನಮಗೆ ಅವರು ಹೋಗದೆ ನಿಶ್ಚಯವಿಲ್ಲ.

ಆದಕಾರಣ ತಮ್ಮಲ್ಲಿ ಬೇಡುವುದೇನೆಂದರೆ, ದಯವಿಟ್ಟು ಪಿಸುಮಾತು ಕಲಿಯಿರಿ. ಅದು ಗೌರವಕ್ಕೆ ಕುಂದೆನಿಸಿದರೆ, ಢಂ ಎನ್ನುವ ಮೊದಲು ಕೆಳಗಿಳಿದು ಮನೆಮನೆಗೆ ಹೋಗಿ ‘ಇದು ಪೆಟ್ರೋಲು, ಗುಂಡಲ್ಲ’ ಎಂದು ತಿಳಿಸಿ ಬನ್ನಿರಿ. ಎರಡೂ ಆಗದಿದ್ದರೆ ರಾಜೀನಾಮೆ ಕೊಟ್ಟು ಬಾವಿಯ ಪಂಪಿನ ಸೇವೆಗೆ ಮರಳಿರಿ. ಅಲ್ಲಿ ತಮ್ಮಿಂದ ನೀರಾದರೂ ಬಂದೀತು.

ತಮ್ಮ ಸದ್ದಿಗೆ ಕಿವಿಯನ್ನೂ ತಮ್ಮ ಹೊಗೆಗೆ ಬಿಳಿ ಅಂಗಿಯನ್ನೂ ಒಪ್ಪಿಸಿದ ತಮ್ಮ ವಿಶ್ವಾಸಿ,
ಹಾವಗೆಪ್ಪ

ವಿ.ಸೂ.: ನಿಶ್ಚಯ ನಾಳೆಯೇ ಇರುವುದರಿಂದ ಈ ಪತ್ರದ ಒಂದು ಪ್ರತಿಯನ್ನು ಗಂಜಿನ ಗೋಡೆಗೆ ಅಂಟಿಸಿ, ಮೂಲ ಪ್ರತಿಯನ್ನು ಚಿಂದಿ ಬಟ್ಟೆಯಲ್ಲಿ ಸುತ್ತಿ, ಹಸಿ ಮಣ್ಣಿನೊಡನೆ ತಮ್ಮ ಬಾಯಿಗೇ ಒತ್ತಿ ತುರುಕಿದ್ದೇನೆ. ಉಸಿರು ಹೊರಬಿಡಲಾಗದ ಎಂಜಿನ್ ಬೆಳಿಗ್ಗೆ ಎರಡು ಸಲ ಕೆಮ್ಮಿ ನಿಲ್ಲುತ್ತದೆ, ಮಾವ ಬಗ್ಗಿ ನೋಡುತ್ತಾರೆ, ಬಗ್ಗಿದವರು ಓದುತ್ತಾರೆ. ಮಾವಾ, ಓದಿ ಮುಗಿದಿದ್ದರೆ ತಲೆ ಎತ್ತಿರಿ: ಹಳೆಯ ಸೈಲೆನ್ಸರನ್ನು ಎತ್ತಿಕೊಂಡು ಶರಫೋದ್ದೀನ ಎದುರಿಗೇ ನಿಂತಿದ್ದಾನೆ. ಅವನನ್ನು ಗದರಿಸಬೇಡಿರಿ, ಕಳಿಸಿದವರು ಅವನ ತಾಯಿ.