ಮಲಗುವ ಕೋಣೆಯ ಹಳದಿ ಪರದೆಯವರ ಸನ್ನಿಧಿಗೆ

ಮಾನ್ಯರೇ,

ತಮ್ಮ ಇಪ್ಪತ್ತನಾಲ್ಕು ನೆರಿಗೆಗಳಿಗೂ ಬೇರೆ ಬೇರೆಯಾಗಿ ನಮಸ್ಕಾರಗಳು. ಕಿಟಕಿಯ ಕಂಬಿಯ ಮೇಲೆ ತಾವು ಕ್ಷೇಮವೆಂದು ನಂಬಿ, ಬಾಣಂತಿಯಾದ ನಾನು ಮಂಚದ ಮೇಲಿಂದಲೇ ಈ ದೂರನ್ನು ನಾಲ್ಕು ಜನರ ಮುಂದಿಡುತ್ತಿದ್ದೇನೆ.

ತಮ್ಮನ್ನು ಅಂಗಡಿಯಿಂದ ಆರಿಸಿ ತಂದವರು ಅತ್ತೆಯವರು. "ಹಳದಿ ಇದ್ರೆ ಕೋಣೆ ನಗ್ತಾ ಇರುತ್ತೆ" ಎಂಬುದು ಅವರ ವಾದ. ಆಸ್ಪತ್ರೆಯಿಂದ ಹೊರಡುವಾಗ ದಾದಿಯವರು, ಕೂಸಿಗೆ ಕಾಮಾಲೆ ಬರಬಹುದು, ದಿನವೂ ಹಗಲು ಬೆಳಕಿನಲ್ಲಿ ಹಣೆಯನ್ನು ಮೆಲ್ಲಗೆ ಒತ್ತಿ ಬಣ್ಣ ನೋಡಿ ಎಂದು ಮೂರು ಸಲ ಹೇಳಿದ್ದರು. ನಾವು ಚಾಚೂ ತಪ್ಪದೆ ನೋಡಿದೆವು, ತಮ್ಮ ಮೂಲಕ ಸೋಸಿ ಬಂದ ಹಗಲು ಬೆಳಕಿನಲ್ಲಿ. ನಾಲ್ಕನೆಯ ದಿನ ಕೂಸು ಹಳದಿಯಾಗಿ ಕಂಡಿತು, ನಾನು ಅತ್ತೆಯವರನ್ನು ಕೂಗಿದೆ. ಅವರು ತಮ್ಮದೇ ಕೈಯನ್ನು ಕೂಸಿನ ಪಕ್ಕಕ್ಕೆ ಹಿಡಿದರು, ಅದೂ ಹಳದಿ. ಕೂಸಿನ ಅಪ್ಪನ ಹಣೆ ಒತ್ತಿದರು, ಅದೂ ಹಳದಿ. "ನೋಡಿದ್ಯಾ, ನಮ್ಮ ಮನೆತನದ ಬಣ್ಣಾನೇ ಹೀಗೆ" ಎಂದು ಬೀಗಿದರು. ಕೂಸು ಯಾರನ್ನು ಹೋಲುತ್ತದೆಂಬ ನಾಲ್ಕು ದಿನದ ಜಗಳ ಅಲ್ಲಿಗೆ ಮುಗಿಯಿತು. ಇಡೀ ಕುಟುಂಬವನ್ನು ಒಂದೇ ಬಣ್ಣಕ್ಕೆ ತಂದ ತಮ್ಮ ಸಾಮರ್ಥ್ಯಕ್ಕೆ ಏನೆನ್ನಲಿ!

ಐದನೆಯ ದಿನ ಕೂಸು ಹಾಲಿಗೂ ಏಳದೆ ತೂಕಡಿಸತೊಡಗಿತು. "ಎಷ್ಟು ಸಾಧು ಮಗು!" ಎಂದು ಅತ್ತೆಯವರು ಹೊಗಳುತ್ತಿದ್ದರು. ನಾನು ಕೂಸನ್ನು ಎತ್ತಿಕೊಂಡು ಬಾಗಿಲಾಚೆ ಬಂದೆ, ಗಂಡನೂ ಹಿಂದೆಯೇ ಬಂದರು. ಅಲ್ಲಿ ನನ್ನ ಕೈ ನನ್ನ ಬಣ್ಣಕ್ಕೆ ಮರಳಿತು, ಗಂಡನ ಹಣೆ ಗಂಡನ ಬಣ್ಣಕ್ಕೆ ಮರಳಿತು, ಕೂಸು ಮಾತ್ರ ಕಣ್ಣಿನ ಬಿಳಿಯವರೆಗೂ ಹಳದಿಯಾಗಿಯೇ ಉಳಿಯಿತು. ಹಾಗೇ ಆಸ್ಪತ್ರೆಗೆ ಓಡಿದೆವು.

ಎರಡು ದಿನ ಕಾಮಾಲೆ ಇಳಿಸುವ ನೀಲಿ ದೀಪದಡಿ ಕೂಸು ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ರಜೆಗೆ ಬಂದ ಸಾಹೇಬರಂತೆ ಮಲಗಿತ್ತು. ನಾನು ಹಾಲೂಡಿಸುತ್ತ, ಕಣ್ಣೊರೆಸಿಕೊಳ್ಳುತ್ತ ಕೂತಿದ್ದೆ. ಈಗ ಗುಣವಾಗಿದೆ, ಹಸಿದರೆ ಬೀದಿಗೆಲ್ಲ ಕೇಳುವಂತೆ ಅರಚುತ್ತದೆ. ಆ ಅರಚಾಟ ಕೇಳಿದರೆ ನನಗೆ ಹಾಯೆನಿಸುತ್ತದೆ.

ಆದ್ದರಿಂದ ತಾವು ದಯಮಾಡಿ ದಿನವೂ ಬೆಳಿಗ್ಗೆ ಎಂಟರಿಂದ ಒಂಬತ್ತರವರೆಗೆ ಬಿಳಿಯಾಗಿರಬೇಕು; ಆಗದಿದ್ದರೆ ದಾದಿಯವರ ಬಳಿ ಒಂದು ವಾರ ತರಬೇತಿ ಪಡೆಯಬೇಕು; ಅದೂ ಆಗದಿದ್ದರೆ, ಅತ್ತೆಯವರು ಇನ್ನೂ ಬಾಯಿಬಿಟ್ಟು ಒಪ್ಪಿಕೊಳ್ಳದ ತಪ್ಪನ್ನು ತಾವಾದರೂ ಒಪ್ಪಿಕೊಳ್ಳಬೇಕಾಗಿ ಕೋರಿಕೆ.

ಇಂತಿ, ಕಣ್ಣಿಗಿಂತ ಬಾಗಿಲಾಚೆಯ ಬೆಳಕನ್ನೇ ನಂಬುವ,
ತಮ್ಮ ವಿಶ್ವಾಸಿ,
ಕೂಸಿನ ತಾಯಿ

ವಿ.ಸೂ.: ಇದನ್ನು ಬರೆಯುತ್ತಿರುವಾಗಲೇ ಅತ್ತೆಯವರು ಕತ್ತರಿ ತಂದು ತಮ್ಮನ್ನು ಅಳೆಯುತ್ತಿದ್ದಾರೆ. ಹನ್ನೆರಡು ಲಂಗೋಟಿ ಆಗುತ್ತದಂತೆ. ಇಷ್ಟು ದಿನ ಮನೆಯವರನ್ನೆಲ್ಲ ಹಳದಿ ಮಾಡಿದವರು ತಾವು. ಇನ್ನು ತಮ್ಮನ್ನು ಹಳದಿ ಮಾಡುವ ಕೆಲಸವನ್ನು ಕೂಸೇ ವಹಿಸಿಕೊಳ್ಳುತ್ತದೆ.