ಡಕಾಯಿತರಿಂದ ಕಲಿತು ಬೀಗರನ್ನು ಅಳೆಯಹೋದದ್ದು

ನಾನು ಡಕಾಯಿತರ ಸಹವಾಸಕ್ಕೆ ಬಿದ್ದದ್ದು ಪ್ಯಾಂಟು ನೋಡಲು. ಇದನ್ನು ಯಾವ ದೇವರ ಮುಂದೆ ಬೇಕಾದರೂ ಹೇಳುತ್ತೇನೆ.

ಕೌಲ್ ಬಜಾರಿನಲ್ಲಿ ನನ್ನದೊಂದು ಸಣ್ಣ ಜೀನ್ಸ್ ಯೂನಿಟ್ ಇದೆ. ಬಳ್ಳಾರಿಯಲ್ಲಿ ಕಣ್ಣು ಮುಚ್ಚಿ ಕಲ್ಲು ಎಸೆದರೆ ಒಂದೋ ಬಂಡೆಗೆ ಬೀಳುತ್ತದೆ, ಇಲ್ಲವೇ ಜೀನ್ಸ್ ಹೊಲಿಸುವವನ ತಲೆಗೆ ಬೀಳುತ್ತದೆ. ಇಂಥ ಪೈಪೋಟಿಯಲ್ಲಿ ಹೊಸ ನಮೂನೆ ತರಬೇಕೆಂದು ನಾನು ಒದ್ದಾಡುತ್ತಿದ್ದಾಗ ಮಗಳು ಸೌಮ್ಯ ಒಂದು ಉಪಾಯ ಹೇಳಿದಳು. ಅವಳು ಸಿರುಗುಪ್ಪದ ಕಾಲೇಜಿನಲ್ಲಿ ಪಾಠ ಮಾಡುತ್ತಾಳೆ, ರಜೆಯಲ್ಲಿ ಟೀವಿಗೆ ಜೋಡಿಸುವ ಯಂತ್ರದಲ್ಲಿ ಗೇಮ್ ಆಡುತ್ತಾಳೆ.

"ಅಪ್ಪಾ, ಅಮೆರಿಕದ ಕುದುರಿ ಡಕಾಯಿತರ ಗೇಮ್ ಐತಿ. ಜೀನ್ಸ್ ಹುಟ್ಟಿದ ಕಾಲದ್ದು. ಅವರ ಪ್ಯಾಂಟ್ ನೋಡು, ಡಿಸೈನ್ ಸಿಗತಾವು."

ನೋಡಿದೆ. ಪ್ಯಾಂಟುಗಳೇನೋ ಚೆನ್ನಾಗಿದ್ದವು. ಆದರೆ ಪ್ಯಾಂಟಿನೊಳಗಿದ್ದ ಮನುಷ್ಯರು ನನ್ನನ್ನು ಹಿಡಿದುಬಿಟ್ಟರು!

ರಿಮೋಟ್ ಹಿಡಿದು ಆಡಲು ಕೂತೆ; ಆಟದಲ್ಲಿ ನಾನೂ ಅವರ ಗ್ಯಾಂಗಿನ ಒಬ್ಬ ಡಕಾಯಿತ. ಗ್ಯಾಂಗಿನ ನಾಯಕ ಒಬ್ಬ ಮಾಜಿ ಪಾದ್ರಿ. ಬಿಳಿ ಗಡ್ಡ, ಬೆಣ್ಣೆಯಂಥ ಮಾತು. ಲೂಟಿ ಮಾಡಿದ ರೊಟ್ಟಿಯನ್ನು ಅನಾಥ ಮಕ್ಕಳಿಗೆ ಹಂಚುತ್ತಾನೆ, ಹಂಚುತ್ತಾ ಅಳುತ್ತಾನೆ. ನಾನೂ ಅತ್ತೆ. ಗ್ಯಾಂಗಿನಲ್ಲಿ ಹ್ಯಾಂಕ್ ಎಂಬ ಇನ್ನೊಬ್ಬನಿದ್ದ. ಅವನ ಬಾಯಿ ತೆರೆದರೆ ಬೈಗುಳ, ಮುಚ್ಚಿದರೆ ಉಗುಳು. ಬಂದ ದಿನವೇ ನನ್ನ ಕುದುರೆ ಕದ್ದ. ಪಾದ್ರಿ ಒಳ್ಳೆಯವನು, ಹ್ಯಾಂಕ್ ಕೆಟ್ಟವನು ಎಂದು ನಾನು ತೀರ್ಪು ಕೊಟ್ಟು, ಪಾದ್ರಿ ಹೇಳಿದಂತೆಲ್ಲ ಕೇಳಿದೆ. ಅವನು ಹೇಳಿದನೆಂದು ಒಬ್ಬ ಮುದುಕಿಯ ಪೆಟ್ಟಿಗೆಯನ್ನೂ ದೋಚಿದೆ. ಧರ್ಮಕಾರ್ಯವೆಂದೇ ದೋಚಿದೆ!

ದಿನಾ ಸಂಜೆ ಯೂನಿಟ್ಟಿನಿಂದ ಬಂದವನೇ ಪ್ಯಾಂಟು ಬಿಚ್ಚಿ ಪಂಚೆ ಸುತ್ತಿಕೊಂಡು ಕುದುರೆ ಹತ್ತುತ್ತಿದ್ದೆ. ಒಂದು ಸಂಜೆ ಆ ಪಾದ್ರಿ ನಮ್ಮನ್ನೆಲ್ಲ ಪೊಲೀಸರಿಗೆ ಹಿಡಿದುಕೊಟ್ಟ. ಸುತ್ತಲೂ ಗುಂಡು. ನನ್ನ ಕಾಲಿಗೆ ಪೆಟ್ಟು. ಎಲ್ಲರೂ ಓಡಿದರು. ಆ ಗುಂಡುಗಳ ನಡುವೆ ನನಗಾಗಿ ತಿರುಗಿ ಬಂದವನು ಯಾರು? ಕುದುರೆ ಕದ್ದ ಹ್ಯಾಂಕ್! ನನ್ನನ್ನು ಬೈಯುತ್ತಲೇ ಹೆಗಲ ಮೇಲೆ ಹಾಕಿಕೊಂಡು ಹೋದ.

ನಾನು ರಿಮೋಟನ್ನು ಸೋಫಾದ ಮೇಲೆ ಎಸೆದು ಘೋಷಿಸಿದೆ. "ಗೊತ್ತಾತು! ಸೀ ಮಾತಿನವ್ರೆಲ್ಲ ಮೋಸಗಾರರು. ಇನ್ನ ಮ್ಯಾಲ ಯಾರನ್ನೂ ನಂಬಂಗಿಲ್ಲ."

"ಅಪ್ಪಾ, ಗೇಮ್ ಇನ್ನೂ ಅರ್ಧ ಐತಿ. ಪಾದ್ರಿ ಯಾಕ ಹಂಗ ಮಾಡಿದ ಅಂತ ಮುಂದ ಬರತೈತಿ. ಅದರಾಗ ಯಾರೂ ಪೂರ್ತಿ ಒಳ್ಳೇರಲ್ಲ, ಪೂರ್ತಿ ಕೆಟ್ಟೋರಲ್ಲ," ಎಂದಳು ಸೌಮ್ಯ.

"ನನಗ ಅರ್ಧ ಸಾಕು!" ಎಂದೆ.

ಅಂದಿನಿಂದ ನಾನು ಬೇರೆಯೇ ಮನುಷ್ಯನಾದೆ. ನಗುನಗುತ್ತಾ ಮಾತಾಡುವ ಗಿರಾಕಿ ಬಂದರೆ ನನ್ನ ಬೆನ್ನು ಗೋಡೆಗೆ ಅಂಟುತ್ತಿತ್ತು. ಪಾರ್ವತಿನಗರದ ನಮ್ಮ ಪಕ್ಕದ ಮನೆಯ ವೆಂಕಟರೆಡ್ಡಿ ಕಾಂಪೌಂಡಿನ ಮೇಲಿಂದ ತಲೆ ಎತ್ತಿ, "ಏಮಂಡಿ ಪಂಪಾಪತಿಗಾರು, ಮನ್ಯಾಗ ಎಲ್ಲಾ ಆರಾಮ ಅದೀರೇನ್ರಿ?" ಎಂದು ಕೇಳಿದರೂ ಡೌಟು. ಇಷ್ಟು ವರ್ಷ ಕೇಳದವನು ಈಗ ಯಾಕೆ ಕೇಳಿದ? ಕೇಳುವಾಗ ನಮ್ಮ ಕಿಟಕಿಯ ಕಡೆ ಯಾಕೆ ನೋಡಿದ?

ಇಂಥ ಸೂಕ್ಷ್ಮ ಪರಿಸ್ಥಿತಿಯಲ್ಲಿ ಹೆಂಡತಿ ಗಂಗಮ್ಮ ಒಂದು ಸಂಬಂಧದ ಸುದ್ದಿ ತಂದಳು. ಹುಡುಗ ಮಂಜುನಾಥ, ಸಿರುಗುಪ್ಪದಲ್ಲಿ ದನದ ಡಾಕ್ಟರ್. ತಂದೆ ದೊಡ್ಡಬಸಪ್ಪ, ಕುರುಗೋಡಿನಲ್ಲಿ ಗೊಬ್ಬರದ ಅಂಗಡಿ. ಮುಂದಿನ ವಾರವೇ ತಂದೆ ಮಗ ಇಬ್ಬರೂ ಮನೆಗೆ ಬಂದರು. ಹುಡುಗ ಹೆಚ್ಚು ಮಾತಾಡಲಿಲ್ಲ. ದನಗಳ ಜೊತೆ ಇರುವವನು, ಒಳ್ಳೆಯವನೇ ಇರಬೇಕು. ಆದರೆ ಅಪ್ಪ! ಬಿಳಿ ಗಡ್ಡ! ಬೆಣ್ಣೆಯಂಥ ಮಾತು!

"ನಮಗ ಏನೂ ಬ್ಯಾಡ್ರಿ ಸಾವ್ಕಾರ್ರ. ನಿಮ್ಮ ಮಗಳು ನಮ್ಮ ಮನಿಗೆ ಬಂದ್ರ ಸಾಕು. ಮನಿಗೆ ಬೆಳಕು ಬಂದಂಗ ಆತು," ಎಂದು ದೊಡ್ಡಬಸಪ್ಪ ಕೈ ಮುಗಿದ. ಮುಗಿಯುವಾಗ ಕಣ್ಣಂಚಿನಲ್ಲಿ ನೀರು ಬೇರೆ!

ಅವರು ಹೋದ ಮೇಲೆ ನಾನು ಬಾಗಿಲು ಹಾಕಿ ಪಿಸುಗುಟ್ಟಿದೆ. "ಇವ ಪಾದ್ರಿ ಅದಾನ!"

"ಯಾವ ಪಾದ್ರಿ? ಅವ್ರು ಲಿಂಗ ಕಟಗೊಂಡಾರ!" ಎಂದಳು ಗಂಗಮ್ಮ. "ನಿಮಗ ಆ ಗೇಮ್ ನೆತ್ತಿಗೇರೇತಿ. ಸುಮ್ನ ಹೂಂ ಅನ್ರಿ."

ಸುಮ್ಮನೆ ಹೂಂ ಎನ್ನಲು ಅದೇನು ಬಟನ್ನಿನ ಆರ್ಡರೇ? ಮಗಳ ಬಾಳು! ಇರುವವಳು ಅವಳೊಬ್ಬಳೇ. ಖುದ್ದಾಗಿ ಕುರುಗೋಡಿಗೆ ಹೋಗಿ ಗುಪ್ತವಾಗಿ ತನಿಖೆ ಮಾಡುವುದೆಂದು ನಿರ್ಧರಿಸಿದೆ. ಹುಬ್ಬಳ್ಳಿಯ ವ್ಯಾಪಾರಿಯನ್ನು ಕಾಣಲು ಹೋಗುತ್ತೇನೆಂದು ಮನೆಯಲ್ಲಿ ಸುಳ್ಳು ಹೇಳಿದೆ. ಗುರುತು ಸಿಗಬಾರದೆಂದು ನಮ್ಮದೇ ಯೂನಿಟ್ಟಿನ ಹರಕು ಮೊಣಕಾಲಿನ ಜೀನ್ಸ್, ಕರಿ ಕನ್ನಡಕ, ದೊಡ್ಡ ಅಂಚಿನ ಟೋಪಿ ಹಾಕಿಕೊಂಡೆ. ಕನ್ನಡಿಯಲ್ಲಿ ನೋಡಿದಾಗ ನನಗೇ ನನ್ನ ಮೇಲೆ ಡೌಟು ಬಂತು. ವೇಷ ಫಸ್ಟ್ ಕ್ಲಾಸ್!

ಡಕಾಯಿತರು ಹೊಸ ಊರಿಗೆ ಹೋದರೆ ಮೊದಲು ಹೆಂಡದಂಗಡಿಯಲ್ಲಿ ಕೂತು ಊರ ಸುದ್ದಿ ಕೇಳುತ್ತಾರೆ. ನಾನು ಶರಣರ ಮನೆಯವನು, ಆದ್ದರಿಂದ ಬಸ್‌ಸ್ಟ್ಯಾಂಡ್ ಹತ್ತಿರದ ಮಿರ್ಚಿ ಅಂಗಡಿಯಲ್ಲಿ ಕೂತೆ. ಒಗ್ಗರಣೆ ಮಂಡಕ್ಕಿ ತಿನ್ನುತ್ತಾ, ಏನೂ ಗೊತ್ತಿಲ್ಲದವನಂತೆ ಕೇಳಿದೆ. "ಇಲ್ಲಿ ಗೊಬ್ಬರದಂಗಡಿ ದೊಡ್ಡಬಸಪ್ಪ ಅಂತ ಅದಾರಂತಲ್ಲ, ಹೆಂಥಾ ಮನಷ್ಯಾ?"

"ದೇವರಂಥ ಮನಷ್ಯಾರಿ," ಎಂದ ಮಿರ್ಚಿಯವನು.

"ಭಾಳ ಒಳ್ಳೇರು," ಎಂದ ಪಕ್ಕದಲ್ಲಿ ಕೂತವನು.

"ಬಂಗಾರ, ಬಂಗಾರ," ಎಂದಳು ಸೊಪ್ಪು ಮಾರುವವಳು.

ಒಬ್ಬರಾದರೂ ಬೈಯಬೇಕಲ್ಲ? ಗೊಬ್ಬರ ಮಾರುವವನನ್ನು ಬೈಯದ ಊರು ಎಲ್ಲಾದರೂ ಉಂಟೆ? ಇಡೀ ಊರು ಒಬ್ಬನನ್ನೇ ಹೊಗಳುತ್ತಿದೆ ಎಂದರೆ ಅರ್ಥ ಸ್ಪಷ್ಟ. ಇಡೀ ಊರೇ ಗ್ಯಾಂಗು!

ಪ್ರತ್ಯಕ್ಷ ಸಾಕ್ಷಿಗಾಗಿ ಗೊಬ್ಬರದಂಗಡಿಯ ಹಿಂದಿನ ಸಂದಿಗೆ ಹೋದೆ. ಗೋಡೌನಿನ ಹಿಂಬಾಗಿಲ ಎದುರಿಗೆ ಖಾಲಿ ಚೀಲಗಳನ್ನು ಒಟ್ಟಿದ್ದರು. ಅದರ ಹಿಂದೆ ಅಡಗಿದೆ. ಸ್ವಲ್ಪ ಹೊತ್ತಿಗೆ ಬಾಗಿಲು ತೆರೆಯಿತು. ದೊಡ್ಡಬಸಪ್ಪ ಅತ್ತಿತ್ತ ಕಳ್ಳನಂತೆ ನೋಡಿದ. ಒಬ್ಬ ಹೆಂಗಸು ಸೆರಗು ಮುಚ್ಚಿಕೊಂಡು ಬಂದಳು. ಅವನು ಅವಳ ಕೈಗೆ ಒಂದು ಗಂಟು ಕೊಟ್ಟು, "ಯಾರಿಗೂ ಹೇಳಬ್ಯಾಡ," ಎಂದ. ಅವಳು ಕಣ್ಣು ಒರೆಸಿಕೊಂಡಳು.

ಸಿಕ್ಕಿಬಿದ್ದ! ಗಂಟಿನಲ್ಲಿ ಏನಿದೆ ಎಂದು ನೋಡಲು ಚೀಲಗಳ ಮೇಲೆ ಹತ್ತಿದೆ. ಚೀಲಗಳಿಗೂ ನನಗೂ ಒಪ್ಪಂದವಾಗಿರಲಿಲ್ಲ. ಅವು ಎಡಕ್ಕೆ ಜಾರಿದವು, ನಾನು ಬಲಕ್ಕೆ ಜಾರಿದೆ. ಅಡಿಯಲ್ಲಿ ಮಲಗಿದ್ದ ನಾಯಿಯ ಬಾಲದ ಮೇಲೆ ಬಿದ್ದೆ. ಆಮೇಲಿನ ಗದ್ದಲವನ್ನು ನಾಯಿಯೇ ವಹಿಸಿಕೊಂಡಿತು.

"ತುಡುಗ! ತುಡುಗ!" ಎಂದು ಜನ ಓಡಿಬಂದರು. ಆ ದಿನಗಳಲ್ಲಿ ಊರಿನ ಹೊಲಗಳಲ್ಲಿ ಪಂಪ್‌ಸೆಟ್ಟಿನ ಕೇಬಲ್ ಕಳುವಾಗುತ್ತಿತ್ತಂತೆ. ಅದು ನನಗೆ ಹೇಗೆ ಗೊತ್ತಿರಬೇಕು?

"ಯಾರಲೇ ನೀನು?" ಎಂದು ಮೀಸೆಯವನೊಬ್ಬ ಕೊರಳಪಟ್ಟಿ ಹಿಡಿದ.

ಪಂಪಾಪತಿ ಎಂದರೆ ಸಂಬಂಧ ಕೆಡುತ್ತದೆ. ಬಾಯಿಗೆ "ಹ್ಯಾಂಕ್" ಎಂದು ಬಂತು. ಅರ್ಧದಲ್ಲೇ ತಿದ್ದಿಕೊಂಡು, "ಹ್ಯಾಂ... ಹನುಮಂತಪ್ಪ!" ಎಂದೆ.

"ಯಾವೂರು?"

"ಸಿರುಗುಪ್ಪ."

"ಹೌದಾ? ನಂದೂ ಸಿರುಗುಪ್ಪನಽ! ಯಾವ ಓಣಿ? ಯಾರ ಪೈಕಿ?" ಎಂದು ಗುಂಪಿನಿಂದ ಒಬ್ಬ ಉತ್ಸಾಹದಿಂದ ಮುಂದೆ ಬಂದ. ಲೋಕದಲ್ಲಿ ಇಷ್ಟು ಊರುಗಳಿರುವಾಗ ನನಗೆ ಸಿರುಗುಪ್ಪವೇ ಯಾಕೆ ನೆನಪಾಯಿತೋ!

"ನೋಡ್ರಿ, ಮಾತಾಡವಲ್ಲ! ಮಿರ್ಚಿ ಅಂಗಡ್ಯಾಗೂ ನಮ್ಮ ದೊಡ್ಡಬಸಪ್ನೋರ ಬಗ್ಗೆ ಕೇಳಾಕತ್ತಿದ್ದ!" ಎಂದಿತು ಇನ್ನೊಂದು ಗಂಟಲು. "ಟೋಪಿ ನೋಡ್ರಿ! ಪ್ಯಾಂಟ್ ನೋಡ್ರಿ, ಬೇಲಿ ಹಾರಿ ಹಾರಿ ಹರದಾವು!"

ಹರಿದದ್ದಲ್ಲ, ಅದು ಫ್ಯಾಶನ್, ಹರಿಯಲು ಬೇರೆ ಕೂಲಿ ಕೊಡುತ್ತೇವೆ ಎಂದು ವಿವರಿಸಲು ಬಾಯಿ ತೆರೆದೆ. ಯಾರಿಗೂ ಕೇಳುವ ವ್ಯವಧಾನವಿರಲಿಲ್ಲ. ಮೀಸೆಯವನು ಪೊಲೀಸರಿಗೆ ಫೋನ್ ಹಚ್ಚಲು ಮೊಬೈಲ್ ತೆಗೆದ. ಅಷ್ಟರಲ್ಲಿ ಗುಂಪನ್ನು ಸರಿಸಿ ದೊಡ್ಡಬಸಪ್ಪ ಬಂದ. ನನ್ನ ಕನ್ನಡಕ ಕೆಳಗೆ ಬಿದ್ದಿತ್ತು. ಅವನು ನನ್ನನ್ನು ನೋಡಿದ. ನಾನು ನೆಲ ನೋಡಿದೆ. ಮಗಳ ಮದುವೆ ಮುರಿಯಿತು ಎಂದುಕೊಂಡೆ.

"ಅಯ್ಯ, ನಮ್ಮ ಹನುಮಂತಪ್ಪ!" ಎಂದ ದೊಡ್ಡಬಸಪ್ಪ. "ಬಿಡ್ರಪಾ, ಬಿಡ್ರಿ! ಖಾಲಿ ಚೀಲ ನೋಡಾಕ ನಾನ ಬರಾಕ ಹೇಳಿದ್ದೆ. ಹಿಂದಿನ ಬಾಗ್ಲಿಗೆ ಬರ್ರಿ ಅಂದಿದ್ದೆ. ಪಾಪ, ಬಂದಾರ."

ಎಷ್ಟು ಸಲೀಸಾಗಿ ಸುಳ್ಳು ಹೇಳಿದ! ಮುಖದಲ್ಲಿ ಒಂದು ಗೆರೆ ಅಲುಗಲಿಲ್ಲ! ನಾನು ಹೇಳಿರಲಿಲ್ಲವೇ, ಇವನು ಪಾದ್ರಿ ಎಂದು? ನನ್ನ ಸಂಶಯ ರುಜುವಾತಾದ ಸಂತೋಷದಲ್ಲಿದ್ದೆ. ಆ ಸುಳ್ಳು ನನಗಾಗಿಯೇ ಹೇಳಿದ್ದು ಎಂಬುದು ತಲೆಗೆ ಹೋಗಲು ಸ್ವಲ್ಪ ಹೊತ್ತು ಹಿಡಿಯಿತು.

ಅಂಗಡಿಯೊಳಗೆ ಕೂರಿಸಿ ಮಜ್ಜಿಗೆ ಕೊಟ್ಟ. ಮೊಣಕೈಗೆ ಅರಿಶಿನ ಹಚ್ಚಿದ. ಯಾಕೆ ಬಂದಿರಿ ಎಂದು ಕೇಳಲಿಲ್ಲ. ಕೇಳದಿದ್ದದ್ದೇ ಹೆಚ್ಚು ಚುಚ್ಚಿತು. ಕೊನೆಗೆ ನಾನೇ ತಡೆಯಲಾರದೆ ಕೇಳಿದೆ. "ಆ ಗಂಟು..."

ಅವರ ಮುಖ ಸಣ್ಣದಾಯಿತು. "ನನ್ನ ತಂಗಿರಿ. ನಮ್ಮ ಮನ್ಯಾಕಿಗೂ ಆಕಿಗೂ ಜಗಳ. ಮಾತು ಬಿಟ್ಟು ಭಾಳ ವರ್ಷ ಆತು. ನಾನು ಕದ್ದು ರೊಟ್ಟಿ, ಶೇಂಗಾ ಚಟ್ನಿ ಕೊಡತೀನಿ. ಹೆಂಡತಿ ಕೇಳಿದ್ರ ಇಲ್ಲ ಅಂತೀನಿ, ತಂಗಿ ಕೇಳಿದ್ರ ನಿಮ್ಮತ್ತಿಗೀನ ಕಳಿಸ್ಯಾಳ ಅಂತೀನಿ. ಇಬ್ಬರಿಗೂ ಸುಳ್ಳರಿ. ನಿಮಗ ಕೈ ಮುಗೀತೀನಿ, ನಮ್ಮ ಮನ್ಯಾಗ ಹೇಳಬ್ಯಾಡ್ರಿ."

ನಾನು ಮಜ್ಜಿಗೆಯ ಲೋಟ ಕೆಳಗಿಟ್ಟೆ. "ತಪ್ಪಾತ್ರಿ ಬೀಗರ. ನಿಮ್ಮ ಬಗ್ಗೆ ವಿಚಾರಸಾಕ ಬಂದಿದ್ದೆ," ಎಂದೆ.

"ಅದರಾಗೇನ ತಪ್ಪು? ನಾವೂ ನಿಮ್ಮ ಬಗ್ಗೆ ವಿಚಾರಸೀವ್ರಿ," ಎಂದರು ಅವರು, ಅದೇ ಬೆಣ್ಣೆಯ ದನಿಯಲ್ಲಿ. "ನಿಮ್ಮ ಬಾಜೂ ಮನಿ ರೆಡ್ಡ್ಯಾರನ್ನ ಕೇಳಿದ್ವಿ. ಭಾಳ ಅಂಜಿಕೊಂಡು ಹೇಳಿದ್ರು. ದಿನಾ ಸಂಜಿಕ ನೀವು ಮನ್ಯಾಗ ಕುಂತು, 'ಬ್ಯಾಂಕಿಗೆ ನುಗ್ರಿ! ರೈಲು ನಿಲ್ಲಸ್ರಿ! ಆ ಮುದುಕಿ ಪೆಟಗಿ ಬಿಡಬ್ಯಾಡ್ರಿ!' ಅಂತ ಒದರತೀರಂತ. ನಮ್ಮ ಮನ್ಯಾಗ ಯಾರಿಗೂ ಊಟ ಸೇರಲಿಲ್ರಿ."

ನನ್ನ ಕಿವಿ ಕಾದ ಬಾಣಲೆಯಾಯಿತು. "ಹಂಗಾದ್ರ ಮತ್ಯಾಕ ಮನಿಗೆ ಬಂದ್ರಿ?"

"ಸೌಮ್ಯ ಹೇಳಿದ್ಳಲ್ರಿ, ನಮ್ಮಪ್ಪ ಗೇಮ್ ಆಡತಾನ, ಒಳಗ ಮನಷ್ಯಾ ಮೆತ್ತಗ ಅಂತ."

"ಯಾವ ಸೌಮ್ಯ?"

"ನಿಮ್ಮ ಮಗಳರಿ! ಹೋದ ಐತ್ವಾರ ಇಲ್ಲೇ ಉಂಡು ಹೋದ್ಳು. ಮಂಜಾಗೂ ಆಕಿಗೂ ವರ್ಷದಿಂದ ಪರಿಚಯ. ಯಾಕ, ನಿಮಗ ಗೊತ್ತಿಲ್ಲೇನು?"

"ಗೊತ್ತೈತಿ, ಗೊತ್ತೈತಿ," ಎಂದೆ. ಆ ದಿನದ ನನ್ನ ಕೊನೆಯ ಸುಳ್ಳು ಅದು. ಅದನ್ನೂ ಅವರು ನಂಬಲಿಲ್ಲ.

ತಮ್ಮ ಕಾರಿನಲ್ಲೇ ಅವರು ನನ್ನನ್ನು ಪಾರ್ವತಿನಗರಕ್ಕೆ ಬಿಟ್ಟುಹೋದರು. ಗಂಗಮ್ಮ ಬಾಗಿಲಲ್ಲೇ ನಿಂತಿದ್ದಳು. "ಹುಬ್ಬಳ್ಳಿ ಭಾಳ ಸನೇಕ ಬಂದೈತಲ್ಲ!" ಎಂದಳು. ಹಿಂದೆ ಸೌಮ್ಯ ನಗು ಮುಚ್ಚಿಕೊಳ್ಳಲು ಸೆರಗಿಲ್ಲದೆ ಬಾಯಿಗೆ ಕೈಯನ್ನೇ ಅಡ್ಡ ಹಿಡಿದಿದ್ದಳು. ನಾನು ಕುರುಗೋಡು ಬಿಡುವ ಮೊದಲೇ ಸುದ್ದಿ ಮನೆ ಮುಟ್ಟಿತ್ತು.

"ನಿನಗೂ ಮೊದಲ ಗೊತ್ತಿತ್ತು?" ಎಂದು ಹೆಂಡತಿಯನ್ನು ಕೇಳಿದೆ.

"ಆ ಹುಡುಗ ಎರಡು ಸಲ ನಮ್ಮ ಮನಿಗೆ ಬಂದು ಉಂಡು ಹೋಗ್ಯಾನ. ನೀವು ಯೂನಿಟ್ಟಿನ್ಯಾಗ ಇದ್ರಿ."

"ನನಗ್ಯಾಕ ಹೇಳಲಿಲ್ಲ?"

"ಹೇಳಿದ್ರ ನೀವು ಡೌಟ್ ಪಡತಿದ್ರಿ."

ವೆಂಕಟರೆಡ್ಡಿಯನ್ನು, ಗಿರಾಕಿಗಳನ್ನು, ಒಂದು ಊರನ್ನೇ ಇಡಿಯಾಗಿ ಸಂಶಯಿಸಿದ ನನಗೆ ನಮ್ಮ ಅಡುಗೆಮನೆಯ ಮೇಲೆ ಒಂದು ದಿನವೂ ಸಂಶಯ ಬಂದಿರಲಿಲ್ಲ!

ನಿಶ್ಚಿತಾರ್ಥ ಕುರುಗೋಡಿನಲ್ಲೇ ಆಯಿತು. ಬೀಗರ ಓಣಿಯವರೆಲ್ಲ ನನ್ನನ್ನು "ಬರ್ರಿ ಹನುಮಂತಪ್ನೋರ" ಎಂದೇ ಸ್ವಾಗತಿಸಿದರು. ಯಾವ ಕೆಲಸ ಮಾಡಲಿ ಎಂದು ನಾನು ಅತ್ತಿತ್ತ ಓಡಾಡುತ್ತಿದ್ದರೆ ಗಂಗಮ್ಮ ಕೈ ಹಿಡಿದು ಬಾಗಿಲ ಬಳಿ ಕುರ್ಚಿಯಲ್ಲಿ ಕೂರಿಸಿದಳು. "ನಿಮಗ ಹೆಂಗೂ ಎಲ್ಲಾರ ಮ್ಯಾಲೂ ಡೌಟು. ಇಲ್ಲೇ ಕುಂತು ಚಪ್ಪಲಿ ಕಾಯ್ರಿ."

ಕೂತೆ. ಬಂದವರನ್ನೂ ಹೋದವರನ್ನೂ ಅಡಿಯಿಂದ ಮುಡಿಯವರೆಗೆ ನೋಡಿದೆ. ಒಬ್ಬರ ಚಪ್ಪಲಿಯೂ ಅದಲುಬದಲಾಗಲಿಲ್ಲ. ಕಾರ್ಯ ಮುಗಿದು ಎಲ್ಲರೂ ತಮ್ಮ ತಮ್ಮ ಚಪ್ಪಲಿ ಮೆಟ್ಟಿಕೊಂಡು, ನನ್ನನ್ನು ಮೆಚ್ಚಿಕೊಂಡು ಹೋದರು.

ನಾನು ಮಾತ್ರ ಬರಿಗಾಲಿನಲ್ಲಿ ಬಳ್ಳಾರಿಗೆ ಬಂದೆ. ಕಳುವಾದದ್ದು ಒಂದೇ ಜೊತೆ. ನನ್ನದು!